ಶಿವರಾತ್ರಿಗೆ ಕೆಳಗಿನ ದಾರಿ ಇಲ್ಲ

ಈ ಸಲ ಶಿವರಾತ್ರಿ ಭಾನುವಾರ ಬಂದಿತ್ತು. ಮರುದಿನ ಸೋಮವಾರ ಕುಮಟಾದ ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ಅಮ್ಮ ಒಂದು ಸಹಿ ಹಾಕಬೇಕಿತ್ತು. ಅಜ್ಜಿ ತೀರಿಹೋಗಿ ಒಂದು ವರ್ಷವಾಗಿತ್ತು. ಮನೆ, ತೋಟ ಎರಡೂ ಮಾವನ ಹೆಸರಿಗೆ ಆಗಬೇಕು, ಅದಕ್ಕೆ ಅಮ್ಮನ ಕಡೆಯಿಂದ ಹಕ್ಕು ಬಿಡುಗಡೆ ಪತ್ರ ಬೇಕು. ಮಾವ ಫೋನಿನಲ್ಲಿ, "ಅಕ್ಕಾ, ಒಂದು ಸಹಿ ಅಷ್ಟೇ. ಹಬ್ಬಕ್ಕೂ ಬಂದ ಹಾಗಾಯ್ತು" ಅಂದಿದ್ದರು.

ನನಗೆ ಸಿಟ್ಟು ಬಂದಿತ್ತು. 2005ರ ತಿದ್ದುಪಡಿ ಆದ ಮೇಲೆ ಹೆಣ್ಣುಮಕ್ಕಳಿಗೂ ಸಮಪಾಲು ಇದೆ ಅಂತ ಅಮ್ಮನಿಗೆ ನಾಲ್ಕು ಲಿಂಕ್ ಕಳಿಸಿದ್ದೆ, ಒಂದು ಪಿಡಿಎಫ್ ಕೂಡ. ನಾಲ್ಕಕ್ಕೂ ಹೆಬ್ಬೆರಳಿನ ಎಮೋಜಿ ಬಂತು. ಪಿಡಿಎಫ್‌ಗೆ ಕೈ ಮುಗಿಯುವ ಎಮೋಜಿ. ಕೊನೆಗೆ ಫೋನ್ ಮಾಡಿ ಜಗಳಕ್ಕೇ ಇಳಿದೆ. ಆಗ ಅಮ್ಮ ಹೇಳಿದ್ದು ಸಹಿಯ ಬಗ್ಗೆ ಅಲ್ಲ.

"ಶಿವರಾತ್ರಿಗೆ ಗೋಕರ್ಣಕ್ಕೆ ನಡ್ಕೊಂಡು ಹೋಗ್ಬೇಕು. ಆಯಿ ಜೊತೆ ಹೋಗ್ತಿದ್ದ ಹಾಗೆ. ನೀ ಬರ್ತೀಯಾ?"

ಆಯಿ ಅಂದರೆ ಅವಳ ಅಮ್ಮ, ನನ್ನ ಅಜ್ಜಿ. ಅಮ್ಮನ ತವರು ಇರುವುದು ಬಾಡದಿಂದ ಅಘನಾಶಿನಿ ಊರಿನ ಕಡೆ ಹೋಗುವ ರಸ್ತೆಯಲ್ಲಿ, ಸಮುದ್ರದಿಂದ ಕೂಗಳತೆ ದೂರದಲ್ಲಿ. ಅಲ್ಲಿಂದ ಗೋಕರ್ಣ ಉತ್ತರಕ್ಕಿದೆ. ಮಧ್ಯೆ ಅಘನಾಶಿನಿ ಹೊಳೆ ಸಮುದ್ರ ಸೇರುವುದರಿಂದ ಬಸ್ಸಿನಲ್ಲಿ ಹೋಗುವವರು ಹೆದ್ದಾರಿ ಹಿಡಿದು ಸುತ್ತು ಹಾಕಬೇಕು. ನಡೆಯುವವರಿಗೆ ನೇರ ದಾರಿ: ದಡ, ಹೊಳೆ, ಮತ್ತೆ ದಡ, ಗುಡ್ಡ. ಅಮ್ಮ ಮದುವೆಯಾಗಿ ದಾವಣಗೆರೆಗೆ ಹೋದ ಮೇಲೆ ಈ ದಾರಿಯಲ್ಲಿ ಒಮ್ಮೆಯೂ ನಡೆದಿರಲಿಲ್ಲ. ಈಗ ಅವಳಿಗೆ 59.

ನಾನು ಬೆಂಗಳೂರಿನವರ ಥರವೇ ತಯಾರಿ ಮಾಡಿದೆ. ಟ್ರೆಕ್ಕಿಂಗ್ ಆ್ಯಪಿನಲ್ಲಿ ಯಾರೋ ನಡೆದು ರೆಕಾರ್ಡ್ ಮಾಡಿದ ಹಾದಿ ಡೌನ್‌ಲೋಡ್ ಮಾಡಿಕೊಂಡೆ. 13 ಕಿಲೋಮೀಟರ್, 'ಮಧ್ಯಮ ಕಷ್ಟ'. ಪವರ್ ಬ್ಯಾಂಕ್, ಓಆರ್‌ಎಸ್, ಅಮ್ಮನಿಗೆ ಮಂಡಿಗೆ ಹಾಕುವ ಕ್ಯಾಪ್. ಅಮ್ಮನ ತಯಾರಿ ಅಂದರೆ ಆರು ಬಾಳೆಹಣ್ಣು, ಒಂದು ಬಾಟಲಿ ನೀರು, ಒಂದು ಮಾತು: "ಬೆಳಿಗ್ಗೆ ನಾಲ್ಕಕ್ಕೇ ಹೊರಡ್ಬೇಕು. ಆಮೇಲೆ ಭರತ ಬರ್ತದೆ."

ಭರತ ಅಂದರೆ ನಾವು ಪಠ್ಯದಲ್ಲಿ ಓದಿದ ಉಬ್ಬರ. ಇದನ್ನು ನಾನು ಕೇಳಿಸಿಕೊಂಡೆ, ತಲೆಗೆ ಹಾಕಿಕೊಳ್ಳಲಿಲ್ಲ. ಶನಿವಾರ ರಾತ್ರಿ ಬಸ್ಸಿಳಿದು ಮಲಗಿದಾಗ ಒಂದು ಗಂಟೆ. ನಾಲ್ಕಕ್ಕೆ ಅಮ್ಮ ಎಬ್ಬಿಸಿದಳು, ಐದಕ್ಕೆ ಎಬ್ಬಿಸಿದಳು. ಹೊರಟಾಗ ಆರೂವರೆ.

ಮೊದಲ ಒಂದೂವರೆ ತಾಸು ಬಹಳ ಚೆನ್ನಾಗಿತ್ತು. ನಿರ್ವಾಣ ಬೀಚ್ ಅಂತ ಈಗಿನವರು ಹೆಸರಿಟ್ಟಿರುವ ಉದ್ದನೆಯ ದಡ, ಪಕ್ಕಕ್ಕೆ ಗಾಳಿಮರದ ಸಾಲು. ಮನುಷ್ಯರು ಅಂತ ಕಂಡದ್ದು ಬಲೆ ಎಳೆಯುತ್ತಿದ್ದ ಐದಾರು ಜನ ಮಾತ್ರ. ಏಡಿಗಳು ನಮ್ಮ ಹೆಜ್ಜೆಗೆ ಮುಂಚೆಯೇ ಓಡಿ ತೂತು ಸೇರುತ್ತಿದ್ದವು. ಅಮ್ಮ ಚಪ್ಪಲಿ ಕೈಯಲ್ಲಿ ಹಿಡಿದು ಒದ್ದೆ ಮರಳಿನ ಮೇಲೆ ನಡೆದಳು. ಒಣ ಮರಳಿನಲ್ಲಿ ನಡೆದರೆ ಕಾಲು ಹೂತು ಬೇಗ ಸುಸ್ತಾಗುತ್ತದೆ, ಒದ್ದೆ ಮರಳು ರಸ್ತೆ ಇದ್ದ ಹಾಗೆ. ಐದು ಸಾವಿರದ ಶೂ ಹಾಕಿದ್ದ ನನಗೆ ಇದು ಗೊತ್ತಾಗಲು ಅರ್ಧ ತಾಸು ಬೇಕಾಯಿತು.

ಅಘನಾಶಿನಿ ಊರಿನಿಂದ ಆಚೆ ದಡದ ತದಡಿಗೆ ಬಾರ್ಜಿನಲ್ಲಿ ದಾಟಬೇಕು. ಸ್ಕೂಟಿಗಳು, ಹಬ್ಬಕ್ಕೆ ಹೊರಟ ಹೊಸ ಬಟ್ಟೆಯ ಮಕ್ಕಳು, ಹೂವಿನ ಬುಟ್ಟಿ, ನಾವು. ಶಿರಸಿಯ ಕಡೆ ಹುಟ್ಟಿ ಇಲ್ಲಿಯವರೆಗೆ ಬರುವ ಈ ಹೊಳೆಗೆ ಎಲ್ಲೂ ದೊಡ್ಡ ಅಣೆಕಟ್ಟು ಇಲ್ಲ. 2024ರಲ್ಲಿ ಈ ಅಳಿವೆಗೆ ರಾಮ್ಸರ್ ಪಟ್ಟಿಯಲ್ಲೂ ಜಾಗ ಸಿಕ್ಕಿತು. ಹಿನ್ನೀರಿನ ಗಜನಿ ಗದ್ದೆಗಳಲ್ಲಿ ಉಪ್ಪುನೀರು ತಡೆದುಕೊಳ್ಳುವ ಕಗ್ಗ ಅನ್ನುವ ಭತ್ತ ಬೆಳೆಯುತ್ತಾರೆ. ಚಿಕ್ಕಂದಿನಲ್ಲಿ ಅದರ ಗಂಜಿ ಅಂದರೆ ಅಮ್ಮನಿಗೆ ಆಗುತ್ತಿರಲಿಲ್ಲವಂತೆ. ಈಗ ಬೆಂಗಳೂರಿಗೆ ಬಂದಾಗ ಆರ್ಗ್ಯಾನಿಕ್ ಅಂಗಡಿಯಲ್ಲಿ ಅದು ಸಿಗುತ್ತದಾ ಅಂತ ಹುಡುಕುತ್ತಾಳೆ.

ಬಾರ್ಜಿನ ಅಂಚಿಗೆ ಒರಗಿ ನೀರು ನೋಡುತ್ತಿದ್ದ ಅಮ್ಮ, "ಬೆಳಚು ಹೆಕ್ಕುವವರು ಒಬ್ರೂ ಇಲ್ಲ ನೋಡು" ಅಂದಳು. ಬೆಳಚು ಅಂದರೆ ಚಿಪ್ಪಿನ ಮಾಂಸ. ನೀರು ಇಳಿದಾಗ ಹೆಂಗಸರು, ಗಂಡಸರು ಹೊಳೆಗೆ ಇಳಿದು ಬುಟ್ಟಿಗಟ್ಟಲೆ ಹೆಕ್ಕುತ್ತಾರೆ.

"ಹಬ್ಬ ಅಲ್ವಾ ಅಮ್ಮಾ, ರಜೆ ಇರ್ಬೇಕು."

ಅಮ್ಮ ಏನೂ ಅನ್ನಲಿಲ್ಲ. ಕಾಂಡ್ಲಾ ಗಿಡಗಳ ಬೇರು ಒಂದೂ ಕಾಣುತ್ತಿರಲಿಲ್ಲ, ಎಲೆಗಳ ಬುಡದವರೆಗೂ ನೀರು. ಇದು ನನ್ನ ಕಣ್ಣಿಗೂ ಬಿದ್ದಿತ್ತು. ಫೋಟೊ ತೆಗೆದುಕೊಂಡೆ.

ತದಡಿಯಿಂದ ಬೇಲೆಕಾನ್ ದಡಕ್ಕೆ ಬಂದು, ಅದರ ತುದಿ ಮುಟ್ಟುವಾಗ ಹತ್ತು ಗಂಟೆ. ಅಲ್ಲಿಂದ ಮುಂದೆ ರಸ್ತೆ ಇಲ್ಲ. ಪ್ಯಾರಡೈಸ್ ಬೀಚ್, ಹಾಫ್ ಮೂನ್ ಬೀಚ್ ಎರಡಕ್ಕೂ ಈಗಲೂ ಕಾಲ್ನಡಿಗೆಯಲ್ಲಿ ಅಥವಾ ದೋಣಿಯಲ್ಲೇ ಹೋಗಬೇಕು. ಗುಡ್ಡ ಸಮುದ್ರದೊಳಗೆ ಮೂಗು ಚಾಚಿ ನಿಂತಿದೆ. ಮೇಲೆ ಚಿರೆಕಲ್ಲು, ಮುಳ್ಳುಪೊದೆ. ಕೆಳಗೆ ಕರಿಬಂಡೆಗಳ ರಾಶಿ. ಆ್ಯಪಿನ ಗೆರೆ ಬಂಡೆಗಳ ಮೇಲೇ ಹೋಗುತ್ತಿತ್ತು.

ಅಮ್ಮ ನಿಂತುಬಿಟ್ಟಳು. "ಶಿವರಾತ್ರಿಗೆ ಕೆಳಗಿನ ದಾರಿ ಇಲ್ಲ. ಮೇಲೆ ಹೋಗ್ಬೇಕು."

"ಇಲ್ಲಿ ತೋರಿಸ್ತಿದೆ ಅಮ್ಮಾ. ಜನ ಹೋಗಿದಾರೆ."

"ಯಾವತ್ತು ಹೋಗಿದ್ರು?"

ಈ ಪ್ರಶ್ನೆಗೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಆದರೂ "ಸ್ವಲ್ಪ ಮುಂದೆ ನೋಡಿ ಬರ್ತೀನಿ, ನೀ ಇಲ್ಲೇ ಕೂತಿರು" ಅಂತ ಹೊರಟೆ. ನಿಜ ಹೇಳಬೇಕೆಂದರೆ ಅದು ದಾರಿ ನೋಡುವ ಆಸೆಯಲ್ಲ. ಸಹಿಯ ವಿಷಯದಲ್ಲಿ ನನ್ನ ಮಾತು ಕೇಳದವಳ ಮಾತನ್ನು ನಾನ್ಯಾಕೆ ಕೇಳಲಿ ಅನ್ನುವ ಹಟ.

ಐವತ್ತು ಅರವತ್ತು ಹೆಜ್ಜೆ ಸಲೀಸಾಗಿ ಹೋಯಿತು. ಎರಡು ಬಂಡೆಗಳ ನಡುವಿನ ಸಂದಿ ದಾಟಿ ಮೂರನೆಯದರ ಮೇಲೆ ನಿಂತು ಮುಂದೆ ನೋಡಿದರೆ ದಾರಿಯೇ ಇರಲಿಲ್ಲ, ಬಿಳಿ ನೊರೆ ಮಾತ್ರ. ವಾಪಸ್ ತಿರುಗುವಷ್ಟರಲ್ಲಿ ಒಂದು ಅಲೆ ಬಂತು. ದೊಡ್ಡ ಅಲೆಯೂ ಅಲ್ಲ. ಸಂದಿಯೊಳಗೆ ನುಗ್ಗಿ, ಮೇಲಕ್ಕೆ ಎದ್ದು, ನನ್ನ ಸೊಂಟದವರೆಗೆ ಹೊಡೆಯಿತು. ಕಾಲು ಜಾರಿ ಕೂತುಬಿಟ್ಟೆ. ಬಂಡೆಗೆ ಅಂಟಿದ ಚಿಪ್ಪುಗಳು ಬ್ಲೇಡಿನ ಹಾಗೆ ಮೊಣಕಾಲ ಕೆಳಗೆ ಕೊಯ್ದವು. ಈಗಷ್ಟೇ ದಾಟಿದ್ದ ಸಂದಿಯಲ್ಲಿ ನೀರು ತಿರುಗುತ್ತಿತ್ತು. ನನಗೆ ಈಜು ಬರುತ್ತದೆ, ಅಪಾರ್ಟ್‌ಮೆಂಟಿನ ಪೂಲಿನಲ್ಲಿ. ಆ ಸಂದಿಗೆ ಬಿದ್ದರೆ ಈಜುವ ಪ್ರಶ್ನೆ ಬರುವುದಿಲ್ಲ, ಬಂಡೆಗೆ ಅಪ್ಪಳಿಸುವುದಷ್ಟೇ.

ಅಮ್ಮ ಕಿರುಚುತ್ತಾಳೆ ಅಂದುಕೊಂಡೆ. ಕಿರುಚಲಿಲ್ಲ. ದಡದ ಕೊನೆಯ ಬಂಡೆಯವರೆಗೆ ಬಂದು, ದುಪಟ್ಟಾ ಸೊಂಟಕ್ಕೆ ಬಿಗಿದು ಕೂತಳು. ಹಾಗೆ ಕೂತು ನನ್ನನ್ನು ನೋಡುತ್ತಿರಲಿಲ್ಲ, ಸಮುದ್ರ ನೋಡುತ್ತಿದ್ದಳು.

"ಕೂತೇ ಇರು. ಬಂಡೆ ಹಿಡ್ಕೊ. ದೊಡ್ಡವು ಮೂರ್ನಾಲ್ಕು ಒಟ್ಟಿಗೆ ಬರ್ತವೆ. ಅವು ಹೋಗ್ಲಿ."

ಒಂದು ಬಂತು. ಎರಡು. "ಈಗ ಬೇಡ." ಮೂರನೆಯದು ಮುಖಕ್ಕೇ ಹೊಡೆಯಿತು, ಬಾಯಿ ತುಂಬ ಉಪ್ಪು. "ಈಗ್ಲೂ ಬೇಡ." ನನಗೆ ಅಳು ಬಂದಿತ್ತು. ಸಂದಿಯ ನೀರು ಇಳಿದ ಹಾಗೆ ಕಂಡಿತು, ಎದ್ದೆ. "ಕೂತ್ಕೊ ಅಂದ್ನಲ್ಲ!" ಅಂತ ಗದರಿದಳು, ಎರಡನೇ ಕ್ಲಾಸಿನ ಹುಡುಗಿಗೆ ಗದರುವ ಹಾಗೆ. ಕೂತೆ. ಇನ್ನೊಂದು ಬಂತು. ಆಮೇಲೆ, "ಈಗ ಬಾ. ಕೆಳಗೆ ನೋಡ್ಬೇಡ, ನನ್ನ ಕೈ ನೋಡು."

ದಾಟಿದೆ. ಅವಳ ಕೈ ಹಿಡಿದಾಗ ಅದು ನಡುಗುತ್ತಿತ್ತು. ಮೇಲೆ ಮರಳಿಗೆ ಬಂದ ಮೇಲೂ ಬಹಳ ಹೊತ್ತು ಬಿಡಲಿಲ್ಲ.

ನಾನು ಬೈಸಿಕೊಳ್ಳಲು ತಯಾರಾಗಿದ್ದೆ. ಅಮ್ಮ ಬಾಟಲಿಯ ನೀರಲ್ಲಿ ಗಾಯ ತೊಳೆದು, ಬಾಳೆಹಣ್ಣು ಸುಲಿದು ಕೊಟ್ಟು, "ನಂದು ಉಪವಾಸ, ನೀ ತಿನ್ನು" ಅಂದಳು. ಉಪವಾಸದಲ್ಲಿ ಬಾಳೆಹಣ್ಣು ನಡೆಯುತ್ತದೆ ಅಂತ ನನಗೂ ಗೊತ್ತು, ಅವಳಿಗೂ ಗೊತ್ತು. ಫೋನು ಅಷ್ಟರಲ್ಲಿ ಸತ್ತಿತ್ತು.

ಆಮೇಲೆ ಅಲ್ಲೇ ಕೂತು ಹೇಳಿದಳು. ಶಿವರಾತ್ರಿ ಬರುವುದೇ ಅಮಾವಾಸ್ಯೆಯ ಮುಂಚೆ. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸು ಭರತವೂ ದೊಡ್ಡದು, ಇಳಿತವೂ ದೊಡ್ಡದು. ಆ ದಿನಗಳಲ್ಲಿ ನೀರು ತುಂಬುವುದು ಬೆಳಿಗ್ಗೆ ಹೊತ್ತು ಏರಿದ ಮೇಲೆ. ಅದಕ್ಕೇ ಆಯಿ ಲಾಟೀನು ಹಿಡಿದು ರಾತ್ರಿಯೇ ಹೊರಡಿಸುತ್ತಿದ್ದಳಂತೆ. ತಡವಾದರೆ ಮೇಲಿನ ದಾರಿ, ಮಾತೇ ಇಲ್ಲ. ಕೇಳುತ್ತಾ ನನಗೆ ಪಿಯುಸಿ ಫಿಸಿಕ್ಸ್ ನೆನಪಾಯಿತು. ಸೂರ್ಯ, ಚಂದ್ರ, ಭೂಮಿ ಒಂದೇ ಗೆರೆಯಲ್ಲಿ ಬಂದಾಗ ಎರಡರ ಸೆಳೆತವೂ ಸೇರುತ್ತದೆ. ಚಿತ್ರ ಬರೆದು ಐದಕ್ಕೆ ಐದು ಅಂಕ ತಗೊಂಡವಳು ನಾನು. ಆ ಚಿತ್ರಕ್ಕೂ ಗೋಡೆಯ ಕ್ಯಾಲೆಂಡರಿನ ಕಪ್ಪು ಚುಕ್ಕೆಗೂ ಸಂಬಂಧ ಇದೆ ಅಂತ ಒಂದು ದಿನವೂ ಹೊಳೆದಿರಲಿಲ್ಲ.

ಮೇಲಿನ ದಾರಿ ಅಮ್ಮನಿಗೂ ಮರೆತಿತ್ತು. ಎರಡು ಸಲ ಪೊದೆಯೊಳಗೆ ಹೋಗಿ ವಾಪಸ್ ಬಂದೆವು. ಸೌದೆ ಹೊತ್ತು ಇಳಿಯುತ್ತಿದ್ದ ಒಬ್ಬ ಹೆಂಗಸು ನಿಂತು, "ಎಲ್ಲಿಗೆ ಅಕ್ಕಾ?" ಅಂತ ಕೇಳಿ, ಗೇರುಮರದ ಪಕ್ಕದ ಸವೆದ ಚಿರೆಕಲ್ಲು ತೋರಿಸಿದಳು. ಅಮ್ಮ ಆ ಕಲ್ಲು ನೋಡಿದ್ದೇ, "ಹೌದು ಮಾರಾಯ್ತಿ, ಇದೇ" ಅಂದಳು. ಗುಡ್ಡದ ನೆತ್ತಿಯಿಂದ ಕೆಳಗೆ ನೋಡಿದರೆ ನಾನು ಕೂತಿದ್ದ ಬಂಡೆ ಎಲ್ಲಿ ಅಂತಲೇ ಗೊತ್ತಾಗಲಿಲ್ಲ, ಪೂರ್ತಿ ಮುಳುಗಿತ್ತು.

ಪ್ಯಾರಡೈಸ್, ಹಾಫ್ ಮೂನ್, ಓಂ ಬೀಚ್, ಕುಡ್ಲೆ. ಒಂದೊಂದಕ್ಕೂ ಒಂದೊಂದು ಗುಡ್ಡ ಹತ್ತಿ ಇಳಿಯಬೇಕು. ಅಮ್ಮನ ಮಂಡಿ ಹಾಫ್ ಮೂನ್ ದಾಟಿದ ಮೇಲೆ ಹಟ ಹಿಡಿಯಿತು. ಇಪ್ಪತ್ತು ಹೆಜ್ಜೆಗೊಮ್ಮೆ ಕೂತೆವು. ಓಂ ಬೀಚಿನಲ್ಲಿ ಜನ, ಜೆಟ್‌ಸ್ಕಿ, ಹಾಡು ಎಲ್ಲಾ ಶುರುವಾದವು. ಆಟೊ ಸಿಗುತ್ತದೆ ಅಂತ ಹೇಳಿದೆ, ಒಪ್ಪಲಿಲ್ಲ.

ಕುಡ್ಲೆಯ ಗುಡ್ಡದ ಮೇಲೆ ಕೂತಾಗ ನಾನೇ ಕೇಳಿದೆ. "ನಾಳೆ ಸಹಿ ಹಾಕ್ತೀಯಾ?"

"ಹಾಕ್ತೇನೆ. ತಮ್ಮ ಇಲ್ಲೇ ಇದ್ದು ಆಯಿಯನ್ನ ನೋಡ್ಕೊಂಡ. ನಾ ವರ್ಷಕ್ಕೊಮ್ಮೆ ಬಂದು ಸೀರೆ ಕೊಟ್ಟು ಹೋದವ್ಳು."

"ಅದೂ ಇದೂ ಬೇರೆ ಬೇರೆ ಅಮ್ಮಾ."

"ನಿಂಗೆ ಬೇರೆ."

ಈಗಲೂ ನನಗೆ ಅದು ಬೇರೆಯೇ. ಆದರೆ ಅವತ್ತು ವಾದ ಮಾಡುವ ಮುಖ ನನಗಿರಲಿಲ್ಲ.

ಗೋಕರ್ಣದಲ್ಲಿ ಮಹಾಬಲೇಶ್ವರನ ಸಾಲು ಪೇಟೆಯುದ್ದಕ್ಕೂ ಇತ್ತು. ದೂರದಿಂದಲೇ ಕೈ ಮುಗಿದು, ಎಳನೀರು ಕುಡಿದು, ಬಸ್ಸಿನಲ್ಲಿ ವಾಪಸ್ ಬಂದೆವು. ಇಡೀ ದಿನ ನಡೆದದ್ದನ್ನು ಬಸ್ಸು ಒಂದು ಚಿಲ್ಲರೆ ತಾಸಿನಲ್ಲಿ ಸುತ್ತಿ ಮುಗಿಸಿತು.

ಸೋಮವಾರ ಪತ್ರ ಬರೆಯುವವರು ಟೈಪ್ ಮಾಡಿಟ್ಟಿದ್ದನ್ನು ಅಮ್ಮ ಕನ್ನಡಕ ಹಾಕಿ ಪೂರ್ತಿ ಓದಿದಳು. ಓದಿ, ಪೆನ್ನು ಕೆಳಗಿಟ್ಟು ಮಾವನಿಗೆ ಹೇಳಿದಳು: "ಹಿಂದಿನ ಕೋಣೆ, ಆಯಿ ಮಲಗ್ತಿದ್ದದ್ದು. ನಾ ಇರೋವರೆಗೆ ಅದ್ರಲ್ಲಿ ಇರೋ ಹಕ್ಕು ನಂದು. ಅದನ್ನ ಬರೆಸು."

"ಅದು ಬರೀಬೇಕಾ ಅಕ್ಕಾ? ಮನೆ ನಿಂದೇ ಅಲ್ವಾ?" ಅಂದರು ಮಾವ. ಅವರಿಗೆ ನಿಜವಾಗಿ ಬೇಜಾರಾಗಿತ್ತು.

"ಬರೆಸು" ಅಂದಳು ಅಮ್ಮ. ಮೂರ್ನಾಲ್ಕು ಸಾಲು ಸೇರಿಸಿ ಹೊಸದಾಗಿ ಪ್ರಿಂಟ್ ತೆಗೆಯುವಾಗ ಕರೆಂಟ್ ಹೋಯಿತು. ಹೊರಗೆ ಬೆಂಚಿನ ಮೇಲೆ ಕೂತೆವು. ಮಾವ ಮೂರು ಚಹಾ ಹೇಳಿದರು. ಅಮ್ಮ ನನ್ನ ಕಾಲಿನ ಬ್ಯಾಂಡೇಜು ಬಿಚ್ಚಿ ನೋಡಿ, ಗಾಯ ಒಣಗಬೇಕಾದರೆ ಗಾಳಿಗೆ ಬಿಡಬೇಕು ಅಂತ ಅದನ್ನು ಕಸದ ಬುಟ್ಟಿಗೆ ಹಾಕಿದಳು. ನಾನು ಸುಮ್ಮನೆ ಕಾಲು ಚಾಚಿ ಕೂತೆ.