ಸೋರುವೆಡೆ

ನಮ್ಮ ಹಳೆಯ ಕಾರಿನ ಏಸಿ ಕಳೆದ ವೈಶಾಖದಲ್ಲಿ ಬಿಸಿಗಾಳಿಯನ್ನೇ ಬೀಸತೊಡಗಿತು. ಸೊಲ್ಲಾಪುರದ ಬಿಸಿಲು, ವೃದ್ಧರಾದ ತಾಯಿಯವರನ್ನು ವಾರಕ್ಕೊಮ್ಮೆ ಆಸ್ಪತ್ರೆಗೆ ಕರೆದೊಯ್ಯಬೇಕು. ನಾಲ್ಕು ಕಾಸು ಉಳಿಸುವ ಆಸೆಯಿಂದ ಗ್ಯಾಸಿನ ಡಬ್ಬಿ ತರಿಸಿ ನಾವೇ ತುಂಬಿದೆವು. ಹದಿನೈದೇ ದಿನ, ಮತ್ತೆ ಬಿಸಿಗಾಳಿ. ತಾಯಿಯವರು ದಾರಿಯಲ್ಲೇ ಬಸವಳಿದರು.

ಕಡೆಗೆ ಬಲ್ಲವರಲ್ಲಿಗೆ ಹೋದೆವು. "ಗುರೂಜಿ, ಈ ಗ್ಯಾಸು ಪೆಟ್ರೋಲಿನಂತೆ ಉರಿದು ತೀರುವುದಿಲ್ಲ, ಕಡಿಮೆಯಾಯಿತೆಂದರೆ ಎಲ್ಲೋ ಸೋರಿದೆ" ಎಂದರು ಮೆಕ್ಯಾನಿಕರು. ಸೋರುವೆಡೆಯನ್ನು ಹುಡುಕಿ, ರಬ್ಬರಿನ ಉಂಗುರ ಬದಲಿಸಿ, ಒಳಗಿನ ಗಾಳಿ, ತೇವಗಳನ್ನು ಪಂಪಿನಿಂದ ಹೀರಿ ತೆಗೆದು, ಆರ್-134ಎ ಗ್ಯಾಸನ್ನು ತೂಗಿ ತುಂಬಿದರು. ಕಡಿಮೆಯಾದರೆ ತಂಪಿಲ್ಲ, ಹೆಚ್ಚಾದರೆ ಕಂಪ್ರೆಸರಿಗೆ ಕೇಡು.

ಕಲಿಯದ ಮಗುವಿಗೆ ಅದೇ ಪಾಠವನ್ನು ಮತ್ತೆ ಮತ್ತೆ ತುಂಬುವ ನಾವು, ಅದು ಸೋರುವೆಡೆಯನ್ನು ಎಂದಾದರೂ ಹುಡುಕಿದ್ದೇವೆಯೇ?