ಮೆಟ್ಟಿಲ ಮೇಲಿನ ತಬಾಟಾ

ಬೆಳಿಗ್ಗೆ ಎದ್ದು ಮೊಬೈಲು ತೆರೆದರೆ ಸಾಕು, ‘ನಾಲ್ಕೇ ನಿಮಿಷದಲ್ಲಿ ಕೊಬ್ಬು ಕರಗಿಸಿ’ ಎನ್ನುವ ವಿಡಿಯೋ ಒಂದಾದರೂ ಕಣ್ಣಿಗೆ ಬೀಳುತ್ತದೆ. ಇಂಥವುಗಳಲ್ಲಿ ಬಹಳಷ್ಟರ ಮೇಲೆ ‘ತಬಾಟಾ’ ಎಂಬ ಹೆಸರಿರುತ್ತದೆ. 20 ಸೆಕೆಂಡು ಮೈಮುರಿದು ಮಾಡು, 10 ಸೆಕೆಂಡು ನಿಲ್ಲು, ಹೀಗೆ ಎಂಟು ಸುತ್ತು. ಅಲ್ಲಿಗೆ ನಾಲ್ಕು ನಿಮಿಷವಾಯಿತು. ತಿಂಡಿ, ಟಿಫನ್ ಡಬ್ಬಿ, ಬಸ್ಸಿನ ಹೊತ್ತು ಇವುಗಳ ನಡುವೆ ನಾಲ್ಕು ನಿಮಿಷ ಯಾರಿಗೆ ಸಿಕ್ಕುವುದಿಲ್ಲ? ವಯಸ್ಸು ಐವತ್ತರ ಹತ್ತಿರ, ತೂಕ 75 ಕಿಲೋ, ಕೆಲಸ ಹೆಚ್ಚಾಗಿ ಕುರ್ಚಿಯ ಮೇಲೆ, ನನ್ನಂಥವಳಿಗೆ ಆಸೆ ಹುಟ್ಟಿಸುವ ಮಾತೇ ಅದು. ಹಾಗಾಗಿ ಶುರು ಮಾಡುವ ಮೊದಲು ಅದರ ಮೂಲ ಎಲ್ಲಿಯದೆಂದು ಹುಡುಕಿ ಓದಿದೆ. ಓದಿದ ಮೇಲೆ ಆ ಕ್ರಮದ ಬಗ್ಗೆ ಗೌರವ ಹೆಚ್ಚಿತು. ಇದ್ದದ್ದು ಇದ್ದ ಹಾಗೆ ಅದನ್ನು ನನ್ನ ನಡುಮನೆಗೆ ತಂದುಕೊಳ್ಳಬಾರದು ಎನ್ನುವುದೂ ಖಚಿತವಾಯಿತು.

ಇಜುಮಿ ತಬಾಟಾ ಜಪಾನಿನ ವ್ಯಾಯಾಮ ವಿಜ್ಞಾನಿ. ಅಲ್ಲಿನ ಸ್ಪೀಡ್ ಸ್ಕೇಟಿಂಗ್ ತಂಡಕ್ಕೆ ಅದರ ತರಬೇತುದಾರ ಮಾಡಿಸುತ್ತಿದ್ದ ಅಭ್ಯಾಸದಲ್ಲಿ ಏನು ಹುರುಳಿದೆ ಎಂದು ಪ್ರಯೋಗಾಲಯದಲ್ಲಿ ಅಳೆದು ನೋಡಿದವರು. ಅವರ ಅಧ್ಯಯನ ಪ್ರಕಟವಾದದ್ದು 1996ರಲ್ಲಿ. ಅದರಲ್ಲಿ ಪಾಲ್ಗೊಂಡವರೆಲ್ಲ ದೈಹಿಕ ಶಿಕ್ಷಣ ಓದುತ್ತಿದ್ದ ಎಳೆಯ ವಯಸ್ಸಿನ ಹುಡುಗರು. ಅವರು ಮಾಡಿದ್ದು ಕುಪ್ಪಳಿಸುವ ವ್ಯಾಯಾಮವಲ್ಲ, ನಿಂತಲ್ಲೇ ನಿಂತ ಸೈಕಲ್ ತುಳಿದದ್ದು. ಮೊದಲು 10 ನಿಮಿಷ ಹದವಾಗಿ ತುಳಿದು ಮೈ ಬಿಸಿ ಮಾಡಿಕೊಂಡು, ಆಮೇಲೆ ಈ 20–10ರ ಸುತ್ತು. ಏಳೆಂಟು ಸುತ್ತು ಮುಗಿಯುವಷ್ಟರಲ್ಲಿ ಪೆಡಲ್ ತಿರುಗಿಸಲು ಕಾಲು ಒಪ್ಪಬಾರದು, ಅಷ್ಟು ಭಾರ. ವಾರಕ್ಕೆ ಐದು ದಿನದಂತೆ ಆರು ವಾರ ನಡೆದ ಮೇಲೆ ಅವರ ದೇಹ ಆಮ್ಲಜನಕ ಬಳಸಿಕೊಳ್ಳುವ ಶಕ್ತಿ ಏರಿತ್ತು. ಆಮ್ಲಜನಕ ಸಾಲದೆ ಹೋದಾಗಲೂ ಸ್ನಾಯು ದುಡಿಯುವ ಶಕ್ತಿಯಂತೂ ಶೇ 28ರಷ್ಟು ಹೆಚ್ಚಿತ್ತು. ದಿನಕ್ಕೆ ಒಂದು ಗಂಟೆ ಸಾಧಾರಣ ವೇಗದಲ್ಲಿ ತುಳಿದ ಇನ್ನೊಂದು ಗುಂಪಿಗೆ ಈ ಎರಡನೆಯ ಲಾಭ ದಕ್ಕಲಿಲ್ಲ. ದೊಡ್ಡ ಫಲಿತಾಂಶವೇ ಸರಿ. ಆದರೆ ತೂಕ ಇಳಿಯುತ್ತದೆಯೇ ಎಂಬ ಪ್ರಶ್ನೆ ಆ ಅಧ್ಯಯನದ್ದಾಗಿರಲಿಲ್ಲ.

ಹಾಗಾದರೆ ಕೈಬಿಡಬೇಕೇ? ಬೇಡ ಅನ್ನಿಸಿತು. ದುಡಿತ ಮತ್ತು ಬಿಡುವು ಒಂದರ ಬೆನ್ನಿಗೊಂದು ಬರುವ ಆ ತಾಳ ಯಾವ ದೇಹಕ್ಕೂ ಒಗ್ಗುವಂಥದ್ದು. ಎಷ್ಟು ದುಡಿತ, ಎಷ್ಟು ಬಿಡುವು, ಯಾವ ವರಸೆ ಎನ್ನುವುದು ಮಾತ್ರ ಅವರವರ ಮೊಣಕಾಲು, ಅವರವರ ಉಸಿರು ನೋಡಿ ಆಗಬೇಕು. ಹುಡುಗನೊಬ್ಬ ಎತ್ತರಕ್ಕೆ ನೆಗೆದು ನೆಗೆದು ತಲುಪುವ ಏದುಸಿರನ್ನು ನಾನು ಮೆಟ್ಟಿಲು ಹತ್ತಿಯೇ ತಲುಪುತ್ತೇನೆ. ಇಬ್ಬರ ಹೃದಯಕ್ಕೂ ಆಗುವ ಕೆಲಸ ಒಂದೇ. ತೀವ್ರ ವ್ಯಾಯಾಮ ಎಂದರೆ ಪರದೆಯ ಮೇಲೆ ಕಾಣುವ ಕುಣಿತವಲ್ಲ, ಮಾಡುವವರ ಎದೆಯೊಳಗೆ ನಡೆಯುವ ಕೆಲಸ.

ಅದನ್ನು ಅಳೆಯಲು ಕೈಗೆ ಗಡಿಯಾರ ಕಟ್ಟಬೇಕೆಂದಿಲ್ಲ. 220ರಿಂದ ವಯಸ್ಸು ಕಳೆದರೆ ನಾಡಿಬಡಿತದ ಗರಿಷ್ಠ ಮಿತಿ ಎಂಬ ಸೂತ್ರವೊಂದಿದೆ, ನಿಜ. ಆದರೆ ಅದು ಸರಾಸರಿ ಲೆಕ್ಕ, ಆಳಿನಿಂದ ಆಳಿಗೆ ಹತ್ತು ಹನ್ನೆರಡು ಬಡಿತ ಆಚೀಚೆ ಆಗುತ್ತದೆ. ರಕ್ತದೊತ್ತಡಕ್ಕೆಂದು ಕೊಡುವ ಕೆಲವು ಮಾತ್ರೆಗಳು ನಾಡಿಯನ್ನೇ ನಿಧಾನ ಮಾಡುವುದರಿಂದ ಅವನ್ನು ನುಂಗುವವರಿಗೆ ಈ ಸೂತ್ರ ಉಪಯೋಗಕ್ಕೇ ಬರುವುದಿಲ್ಲ. ಅದಕ್ಕಿಂತ ಮಾತೇ ಒಳ್ಳೆಯ ಅಳತೆ. ಮಾತಾಡಬಹುದು, ಹಾಡಲು ಆಗದು ಎಂದರೆ ಮಧ್ಯಮ ಶ್ರಮ. ಎರಡು ಮೂರು ಪದಕ್ಕೆ ಉಸಿರು ಕಟ್ಟಿದರೆ ತೀವ್ರ ಶ್ರಮ. ಒಂದು ಪದವೂ ಹೊರಡದಿದ್ದರೆ ಅದು ನನಗೆ ಬೇಡದ ಮಟ್ಟ. ನಾನು ಶುರು ಮಾಡಿದ್ದು 20 ಸೆಕೆಂಡು ದುಡಿತ, 40 ಸೆಕೆಂಡು ಬಿಡುವಿನಿಂದ. ಬಿಡುವಿನ ಕೊನೆಯಲ್ಲಿ ಒಂದು ಪೂರ್ತಿ ವಾಕ್ಯ ಸಲೀಸಾಗಿ ಹೇಳಲು ಬಂದರೆ ಮುಂದಿನ ಸುತ್ತು. ಬಾರದಿದ್ದರೆ ಇನ್ನಷ್ಟು ಹೊತ್ತು ನಿಲ್ಲುವುದು. ಆ 40 ಕ್ರಮೇಣ 30 ಆಯಿತು, ಆಮೇಲೆ 20. ಅದು 10 ಆಗಲೇಬೇಕೆಂಬ ಹಟ ನನಗಿಲ್ಲ.

ಇನ್ನು ಬರ್ಪಿ. ಇಂಥ ವಿಡಿಯೋಗಳಲ್ಲಿ ಎಲ್ಲರನ್ನೂ ಹೆದರಿಸುವ ವರಸೆ ಅದೇ: ನಿಂತಲ್ಲಿಂದ ಕುಕ್ಕರಗಾಲಿನಲ್ಲಿ ಕೂತು, ಕೈಯೂರಿ, ಎರಡೂ ಕಾಲನ್ನು ಹಿಂದಕ್ಕೆ ಎಸೆದು, ಒಂದು ದಂಡ ಹೊಡೆದು, ಕಾಲು ಒಳಗೆಳೆದುಕೊಂಡು, ಮೇಲಕ್ಕೆ ನೆಗೆಯುವುದು. ನ್ಯೂಯಾರ್ಕಿನ ರಾಯಲ್ ಬರ್ಪಿ ಎಂಬ ದೈಹಿಕ ಶಿಕ್ಷಣ ತಜ್ಞ 1930ರ ದಶಕದಲ್ಲಿ ಇದನ್ನು ರೂಪಿಸಿದ್ದು ಕಸರತ್ತಿಗಲ್ಲ, ಪರೀಕ್ಷೆಗೆ. ನಾಲ್ಕೇ ಬಾರಿ ಮಾಡಿಸಿ, ಮೊದಲೂ ಆಮೇಲೂ ನಾಡಿ ಎಣಿಸಿ, ಆ ವ್ಯಕ್ತಿಯ ದೇಹದಾರ್ಢ್ಯ ತಿಳಿಯುವ ಉಪಾಯ ಅದಾಗಿತ್ತು. ಅವನ ಮೂಲ ವರಸೆಯಲ್ಲಿ ದಂಡವೂ ಇರಲಿಲ್ಲ, ನೆಗೆತವೂ ಇರಲಿಲ್ಲ. ಎರಡನೇ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಸೈನ್ಯ ತನ್ನ ಆಳುಗಳ ಪರೀಕ್ಷೆಗೆ ಅದನ್ನು ತೆಗೆದುಕೊಂಡಿತು. ಅಲ್ಲಿಂದ ಮುಂದೆ ಅದರ ಎಣಿಕೆಯೂ ಬಿರುಸೂ ಬೆಳೆಯುತ್ತಾ ಹೋದವು. ನೆಗೆತ ಬಿಟ್ಟು ಬರ್ಪಿ ಮಾಡುವವರು ಅರ್ಧಂಬರ್ಧ ಮಾಡಿದರೆಂದು ಕುಗ್ಗಬೇಕಾಗಿಲ್ಲ. ಅವರು ಮಾಡುತ್ತಿರುವುದೇ ಮೂಲಕ್ಕೆ ಹತ್ತಿರದ್ದು.

ನಾನು ಮಾಡುವ ಬಗೆ ಹೀಗೆ. ಅಡುಗೆಮನೆಯ ಗ್ರಾನೈಟ್ ಕಟ್ಟೆಯ ಅಂಚಿಗೆ ಎರಡೂ ಅಂಗೈ ಊರುತ್ತೇನೆ, ಭುಜದಷ್ಟೇ ಅಗಲಕ್ಕೆ. ಕಟ್ಟೆಯ ಮೇಲೆ ನೀರಿನ ಪಸೆ ಇರಕೂಡದು, ಮೊದಲೇ ಒರೆಸಿಕೊಳ್ಳಬೇಕು. ಬಲಗಾಲು ಹಿಂದೆ, ಎಡಗಾಲು ಹಿಂದೆ, ಎಸೆಯುವುದಲ್ಲ, ಇಡುವುದು. ಈಗ ತಲೆಯಿಂದ ಹಿಮ್ಮಡಿಯವರೆಗೆ ಒಂದೇ ಗೆರೆ. ಸೊಂಟ ಜೋತುಬೀಳದಂತೆ ಹೊಟ್ಟೆ ಒಳಗೆಳೆದುಕೊಂಡು ಒಂದು ಕ್ಷಣ ನಿಲ್ಲಬೇಕು. ಕೆಲಸವೆಲ್ಲ ಇರುವುದು ಆ ಕ್ಷಣದಲ್ಲೇ. ಬಲಗಾಲು ಮುಂದೆ, ಎಡಗಾಲು ಮುಂದೆ, ನೆಟ್ಟಗೆ ನಿಂತು ಕೈ ಮೇಲಕ್ಕೆ. ಇದು ಹಗುರಾಯಿತು ಅನ್ನಿಸಿದಾಗ ಕೈಯೂರುವ ಜಾಗ ಕೆಳಗಿಳಿಯುತ್ತದೆ. ಕಟ್ಟೆಯಿಂದ ದಿವಾನದ ಅಂಚಿಗೆ, ದಿವಾನದಿಂದ ಕೆಳಗಿನ ಎರಡನೇ ಮೆಟ್ಟಿಲಿಗೆ, ಅಲ್ಲಿಂದ ನೆಲಕ್ಕೆ. ಕೈ ಕೆಳಗಿಳಿದಷ್ಟೂ ತೋಳಿನ ಮೇಲೆ ಬೀಳುವ ಮೈಭಾರ ಹೆಚ್ಚುತ್ತದೆ. ಡಂಬೆಲ್ ಕೊಳ್ಳದೆಯೇ ಭಾರ ಏರಿಸುವ ಈ ದಾರಿ ನನಗೆ ಬಹಳ ಹಿಡಿಸಿತು.

ಹೀಗೆ ಮನೆಯಲ್ಲೇ ಮೈ ಪಳಗಿಸುವುದು ನಮ್ಮ ಕಡೆಗೆ ಹೊಸದೂ ಅಲ್ಲ. ಗರಡಿಮನೆಯ ದಂಡ, ಬಸ್ಕಿಗೆ ಬೇಕಾದದ್ದು ಆರಡಿ ನೆಲ ಅಷ್ಟೇ. ಬೆಂಗಳೂರಿನ ಕೆ. ವಿ. ಅಯ್ಯರ್ ಅವರನ್ನು ಕನ್ನಡದ ಓದುಗರು ‘ಶಾಂತಲಾ’, ‘ರೂಪದರ್ಶಿ’ ಬರೆದವರೆಂದು ಬಲ್ಲರು. ದೇಶದುದ್ದಕ್ಕೂ ಅವರ ಹೆಸರು ಹರಡಿದ್ದು ವ್ಯಾಯಾಮ ಗುರುಗಳೆಂದು. ಸೂರ್ಯನಮಸ್ಕಾರವನ್ನೂ ಭಾರ ಎತ್ತುವುದನ್ನೂ ಒಟ್ಟಿಗೆ ಕಲಿಸಿದ ಅವರು, ಗರಡಿಗೆ ಬರಲಾಗದವರಿಗೆ ಅಂಚೆಯ ಮೂಲಕ ಪಾಠ ಕಳಿಸುತ್ತಿದ್ದರು. ವಿಡಿಯೋ ಇಲ್ಲದ ಕಾಲದಲ್ಲಿ ಬರೀ ಚಿತ್ರ ಮತ್ತು ಬರಹ ನೋಡಿಕೊಂಡು ಮನೆಯ ಮೂಲೆಯಲ್ಲಿ ಬೆವರು ಹರಿಸಿದವರನ್ನು ನೆನೆದರೆ ನನಗೆ ಹುರುಪು ಬರುತ್ತದೆ. ವಾರಕ್ಕೆ ಎರಡು ದಿನ ನಾನು ಈ ಸುತ್ತುಗಳನ್ನು ಬದಿಗಿಟ್ಟು ನಿಧಾನವಾಗಿ ಬಸ್ಕಿ ಹೊಡೆಯುತ್ತೇನೆ, ಐದು ಕಿಲೋ ರಾಗಿಯ ಚೀಲ ಎದೆಗವುಚಿಕೊಂಡು. ತೂಕ ಇಳಿಯುವಾಗ ಕೊಬ್ಬೊಂದೇ ಕರಗುವುದಿಲ್ಲ, ಸ್ನಾಯುವೂ ಸವೆಯುತ್ತದೆ. ಭಾರ ಹೊತ್ತು ಮಾಡುವ ವ್ಯಾಯಾಮವೂ ಸಾಕಷ್ಟು ಬೇಳೆಕಾಳೂ ಇದ್ದರೆ ಆ ಸವೆತ ಕಡಿಮೆ. ಮುಟ್ಟು ನಿಂತ ಹೆಂಗಸರ ಮೂಳೆಗಂತೂ ಇದು ತೀರಾ ಬೇಕಾದದ್ದು. ನಮ್ಮ ವಯಸ್ಸಿನ ಗೆಳತಿಯರು ವಾಕಿಂಗ್ ಒಂದನ್ನೇ ನೆಚ್ಚಿಕೊಂಡಿರುವುದನ್ನು ಕಂಡಾಗಲೆಲ್ಲ ಈ ಮಾತನ್ನು ಹೇಳದೆ ಬಿಡುವುದಿಲ್ಲ.

ನಾವಿರುವುದು ಮಹಡಿ ಮನೆ. ಕೆಳಗೆ ಇರುವವರು ಎಪ್ಪತ್ತು ದಾಟಿದ ಅಜ್ಜಿ. ಒಂದು ದಿನ ಗೇಟಿನ ಹತ್ತಿರ ಸಿಕ್ಕಿ, “ಬೆಳಗಾಗೋ ಹೊತ್ತಿಗೆ ಮೇಲೆ ಏನಮ್ಮಾ ದಡದಡ?” ಎಂದರು. ಆಗ ನಾನು ನಿಂತಲ್ಲೇ ಓಡುವ ವರಸೆ ಮಾಡುತ್ತಿದ್ದೆ. “ವ್ಯಾಯಾಮ ಅಜ್ಜಿ, ತೂಕ ಇಳೀಲಿ ಅಂತ,” ಎಂದೆ. “ಒಳ್ಳೇದೇ. ಆದರೆ ಕುಣಿಯೋದೇ ಆಗಬೇಕಾ? ಮೆಟ್ಟಲಿಲ್ಲವಾ ನಿಮಗೆ?” ಎಂದುಬಿಟ್ಟರು.

ಆ ಮಾತಿನ ಸತ್ವ ದೊಡ್ಡದು. ನೆಗೆದು ಇಳಿಯುವಾಗ ಮೊಣಕಾಲಿನ ಮೇಲೆ ಮೈತೂಕದ ಹಲವು ಪಟ್ಟು ಹೊರೆ ಬೀಳುತ್ತದೆ; 75 ಕಿಲೋ ಹೊತ್ತವರಿಗೆ ಅದು ಸಣ್ಣ ಸಂಗತಿಯಲ್ಲ. ಮೆಟ್ಟಿಲು ಹತ್ತುವಾಗ ಅಂಥ ಹೊಡೆತವಿಲ್ಲ, ಏದುಸಿರು ಮಾತ್ರ ಚೆನ್ನಾಗಿ ಬರುತ್ತದೆ. ಅಂದಿನಿಂದ ನನ್ನ ಸುತ್ತುಗಳಲ್ಲಿ ಅರ್ಧದಷ್ಟು ಮೆಟ್ಟಿಲ ಮೇಲೆಯೇ ನಡೆಯುತ್ತವೆ. ಬಿರುಸಾಗಿ ಹತ್ತುವುದು ದುಡಿತ, ಕಂಬಿ ಹಿಡಿದು ನಿಧಾನವಾಗಿ ಇಳಿಯುವುದು ಬಿಡುವು. ಇಳಿಯುವಾಗ ಅವಸರ ಸಲ್ಲದು. ಮಂಡಿ ನೋವು ಇರುವವರಿಗೆ ಹತ್ತುವುದಕ್ಕಿಂತ ಇಳಿಯುವುದೇ ಹೆಚ್ಚು ಕಾಡುವುದುಂಟು.

ಇನ್ನು ತೂಕದ ಲೆಕ್ಕ. ಇದನ್ನು ಮುಚ್ಚುಮರೆಯಿಲ್ಲದೆ ಹೇಳಬೇಕು. 75 ಕಿಲೋದವಳೊಬ್ಬಳು 20 ನಿಮಿಷ ಬಿರುಸಿನ ವ್ಯಾಯಾಮ ಮಾಡಿದರೆ ಖರ್ಚಾಗುವುದು ಹೆಚ್ಚೆಂದರೆ 200 ಕ್ಯಾಲರಿಯಷ್ಟು. ಒಗ್ಗರಣೆಗೆ ಹಾಕುವ ಒಂದು ದೊಡ್ಡ ಚಮಚ ಎಣ್ಣೆಯಲ್ಲೇ ಸುಮಾರು 120 ಕ್ಯಾಲರಿ ಇರುತ್ತದೆ. ಒಂದು ಕಿಲೋ ಮೈಕೊಬ್ಬು ಎಂದರೆ ಸುಮಾರು 7,700 ಕ್ಯಾಲರಿ. ವಾರಕ್ಕೆ ಐದು ದಿನ ಮಾಡಿದರೂ 1,000. ಅಂದರೆ ವ್ಯಾಯಾಮ ಒಂದರಿಂದಲೇ ಒಂದು ಕಿಲೋ ಇಳಿಯಲು ಏಳೆಂಟು ವಾರ. ಅದೇ ತಟ್ಟೆಯಿಂದ ದಿನಕ್ಕೆ 350 ಕ್ಯಾಲರಿ ತೆಗೆದರೆ ವಾರಕ್ಕೆ ಹತ್ತಿರ ಹತ್ತಿರ 2,500. ಎರಡೂ ಸೇರಿದಾಗ ವಾರಕ್ಕೆ ಅರ್ಧ ಕಿಲೋಗೆ ಸ್ವಲ್ಪ ಕಡಿಮೆ ಇಳಿಯುವ ಸಾಧ್ಯತೆ ಕಾಣುತ್ತದೆ. ಕಾಗದದ ಮೇಲಿನ ಈ ಲೆಕ್ಕದಂತೆಯೇ ದೇಹ ನಡೆಯುವುದಿಲ್ಲ, ತೂಕ ಇಳಿದಂತೆ ಅದರ ಖರ್ಚೂ ಕುಗ್ಗುತ್ತದೆ. ಆದರೂ ದಿಕ್ಕು ತಿಳಿಯಲು ಇಷ್ಟು ಸಾಕು. ನಮ್ಮ ಮನೆಯಲ್ಲಿ ಬದಲಾದದ್ದು ಮೂರು: ಎಣ್ಣೆಯನ್ನು ಕ್ಯಾನಿನಿಂದ ನೇರವಾಗಿ ಬಾಣಲೆಗೆ ಸುರಿಯದೆ ಚಮಚದಲ್ಲಿ ಅಳೆಯುವುದು, ಎರಡನೇ ಸಲ ಅನ್ನದ ಬದಲು ಹುರುಳಿಕಾಳಿನದೋ ಹೆಸರುಕಾಳಿನದೋ ಪಲ್ಯ, ಸಂಜೆಯ ಕಾಫಿಯ ಜೊತೆ ಕುರುಕಲಿಗೆ ರಜೆ. ಮುದ್ದೆ, ಸೊಪ್ಪಿನ ಸಾರು ಹಾಗೇ ಉಳಿದಿವೆ. ಪರದೇಶದ ಆಹಾರ ಪಟ್ಟಿ ತಂದು ಗೋಡೆಗೆ ಅಂಟಿಸುವ ಅಗತ್ಯ ಕಾಣಲಿಲ್ಲ.

ಮೊದಲ ವಾರ ತಕ್ಕಡಿ ಹೇಳುವುದನ್ನು ನಂಬಬೇಡಿ ಎಂದು ಶುರು ಮಾಡುವವರಿಗೆಲ್ಲ ಹೇಳುತ್ತೇನೆ. ಹೊಸ ಶ್ರಮಕ್ಕೆ ನೊಂದ ಸ್ನಾಯು ನೀರು ಹಿಡಿದಿಟ್ಟುಕೊಳ್ಳುತ್ತದೆ, ಮುಳ್ಳು ಮೇಲೆಯೇ ಹೋಗಬಹುದು. ಊಟ ತೀರಾ ಕಡಿಮೆ ಮಾಡಿದವರಿಗೆ ಎರಡು ಕಿಲೋ ಥಟ್ಟನೆ ಇಳಿದಂತೆ ಕಂಡರೆ ಅದರಲ್ಲೂ ಹೆಚ್ಚಿನದು ನೀರೇ. ದರ್ಜಿಯ ಟೇಪು ಇದಕ್ಕಿಂತ ನಂಬಿಕಸ್ಥ. ನಮ್ಮ ಮೈಕಟ್ಟಿನವರಲ್ಲಿ ಹೆಂಗಸರಿಗೆ 80, ಗಂಡಸರಿಗೆ 90 ಸೆಂಟಿಮೀಟರ್ ದಾಟಿದ ಹೊಟ್ಟೆಯ ಸುತ್ತಳತೆ ಸಕ್ಕರೆ ಕಾಯಿಲೆ, ಹೃದ್ರೋಗಗಳ ಮುನ್ಸೂಚನೆ ಎಂದು ವೈದ್ಯರು ಗಣಿಸುತ್ತಾರೆ. ವಾರಕ್ಕೊಮ್ಮೆ, ಬರಿಹೊಟ್ಟೆಯಲ್ಲಿ, ಉಸಿರು ಬಿಟ್ಟು ಅಳೆದರೆ ಸಾಕು.

ಮೈಕೈ ನೋವು ಮಾರನೆಯ ದಿನಕ್ಕೋ ಅದರ ಮಾರನೆಯ ದಿನಕ್ಕೋ ಬರುವುದು ಸಹಜ, ಬಂದಷ್ಟೇ ಸಲೀಸಾಗಿ ಹೋಗುತ್ತದೆ. ಹಾಗಲ್ಲದೆ ಎದೆ ಬಿಗಿತ, ತಲೆಸುತ್ತು, ಎಡಗೈಗೆ ಇಳಿಯುವ ನೋವು ಬಂದರೆ ಅಲ್ಲಿಗೇ ನಿಲ್ಲಿಸಿ ಆಸ್ಪತ್ರೆಗೆ ಹೋಗಬೇಕು. ರೂಢಿಯಿಲ್ಲದ ದೇಹವನ್ನು ಒಮ್ಮೆಗೇ ಹಿಂಡಿದಾಗ ಸ್ನಾಯು ಒಡೆದು ಮೂತ್ರ ಕಡುಕಂದು ಬಣ್ಣಕ್ಕೆ ತಿರುಗುವುದುಂಟು. ಮೂತ್ರಪಿಂಡಕ್ಕೆ ಅಪಾಯ ಅದು, ತಡಮಾಡಬಾರದು. ಇನ್ಸುಲಿನ್ ತೆಗೆದುಕೊಳ್ಳುವವರು, ಬಿಪಿ ಹತೋಟಿಯಲ್ಲಿಲ್ಲದವರು ಡಾಕ್ಟರನ್ನು ಕೇಳಿಯೇ ಶುರು ಮಾಡಬೇಕು. ಜ್ವರ ಬಂದ ವಾರ, ಮದುವೆಗೆಂದು ಊರಿಗೆ ಹೋದ ವಾರ ಕ್ರಮ ತಪ್ಪಿಯೇ ತಪ್ಪುತ್ತದೆ. ಮತ್ತೆ ಶುರು ಮಾಡುವಾಗ ಬಿಟ್ಟಲ್ಲಿಂದಲ್ಲ, ಅದರ ಹಿಂದಿನ ಹಂತದಿಂದ.

ಕೆಳಗಿನ ಅಜ್ಜಿ ಈಚೆಗೆ ತಾವೂ ಸೇರಿಕೊಂಡಿದ್ದಾರೆ. ಕೈಯಿಲ್ಲದ ಮರದ ಕುರ್ಚಿಯೊಂದನ್ನು ಗೋಡೆಗೆ ಒತ್ತಿ ಇಟ್ಟಿದ್ದೇವೆ, ಜಾರದಂತೆ. 10 ಸೆಕೆಂಡು ಕೂರುವುದು ಏಳುವುದು, ಕೈ ಊರದೆ. 50 ಸೆಕೆಂಡು ಬಿಡುವು. ಐದು ಸುತ್ತು. ಅವರ ಮಟ್ಟಿಗೆ ಅದೇ ತೀವ್ರ ವ್ಯಾಯಾಮ. ಮೂರನೇ ಸುತ್ತಿಗೆ ಅವರ ಮಾತು ತುಂಡುತುಂಡಾಗುತ್ತದೆ. ಬಿಡುವಿನ ಹೊತ್ತಿನಲ್ಲಿ ನನಗೆ ಹುಳಿಪುಡಿಯ ಅಳತೆ ಹೇಳಿಕೊಡುತ್ತಾರೆ, ವಾಕ್ಯ ಪೂರ್ತಿಯಾದರೆ ಮುಂದಿನ ಸುತ್ತು. ಮೊನ್ನೆ, “ಈ ವಾರ 10 ಇದ್ದದ್ದನ್ನ 12 ಮಾಡೋಣವಾ ಅಜ್ಜಿ?” ಎಂದು ಕೇಳಿದೆ. ಸ್ವಲ್ಪ ಯೋಚಿಸಿದರು. “ಅದು ಅಷ್ಟೇ ಇರಲಿ. ಬಿಡುವು ಜಾಸ್ತಿ ಆಯ್ತು ಕಣಮ್ಮ, ಅದನ್ನ 45 ಮಾಡು,” ಎಂದರು.