ಸುದ್ದಿ ಎಲ್ಲಿ ನಿಂತಿತ್ತು?

ನಮ್ಮೂರು ವೀರನಹೊಸಹಳ್ಳಿ. ದಸರಾ ಆನೆಗಳ ಗಜಪಯಣ ಹೊರಡುವ ಊರು ಅಂದ್ರೆ ಸಾಕು, ಎಲ್ಲರಿಗೂ ಗೊತ್ತಾಗುತ್ತೆ. ಆದರೆ ನಾನು ಬೆಂಗಳೂರಿನಲ್ಲಿ ಮಾಡುವ ಕೆಲಸ ಏನು ಅಂತ ತಿಳಿಸೋದೇ ಕಷ್ಟ. ಅವ್ವನಿಗೆ ಹೀಗೆ ಹೇಳಿದ್ದೆ: "ಕಾಡಿನ ಗೇಟಲ್ಲಿ ಗಾಡಿ ನಂಬರು, ಟೈಮು ಬರ್ಕೋತಾರಲ್ಲವ್ವ, ಹಂಗೇ ಕಂಪ್ಯೂಟರುಗಳೂ ತಾವು ಮಾಡಿದ್ದನ್ನೆಲ್ಲ ಟೈಮ್ ಸಮೇತ ಬರೆದಿಡ್ತವೆ. ಅದನ್ನೆಲ್ಲ ಒಂದೇ ಪುಸ್ತಕಕ್ಕೆ ಸೇರಿಸೋದು ನನ್ನ ಕೆಲಸ."

ಆ ಬರಹಕ್ಕೆ ಲಾಗ್ ಅಂತಾರೆ. ಎಲ್ಲಾ ಲಾಗ್‌ಗಳು ಬಂದು ಸೇರುವ ಯಂತ್ರ ಲಾಗ್ ಸರ್ವರ್. 1980ರ ದಶಕದಲ್ಲಿ ಎರಿಕ್ ಆಲ್ಮನ್ ಎಂಬುವರು ಸೆಂಡ್‌ಮೇಲ್ ಎಂಬ ಇಮೇಲ್ ತಂತ್ರಾಂಶದ ಜೊತೆ ಶುರು ಮಾಡಿದ ಸಿಸ್‌ಲಾಗ್ ಪದ್ಧತಿ ಇವತ್ತಿಗೂ ಬಳಕೆಯಲ್ಲಿದೆ.

ಊರಲ್ಲಿ ಹೊಗೆಸೊಪ್ಪು ಬೇಯಿಸುವ ಕಾಲ. ಇಲ್ಲಿ ನನಗೆ ರಾತ್ರಿ ಪಾಳಿ. ಒಂದು ಯಂತ್ರದ ಡಿಸ್ಕ್ ತುಂಬಿ ಕೆಲಸ ನಿಂತೇಹೋಯಿತು. 'ಡಿಸ್ಕ್ ತುಂಬ್ತಾ ಇದೆ' ಅನ್ನೋ ಎಚ್ಚರಿಕೆ ನನ್ನ ಪರದೆಗೆ ಬಂದದ್ದು ಇಪ್ಪತ್ತು ನಿಮಿಷ ತಡವಾಗಿ! ಬೆಳಗ್ಗೆ ಎಲ್ಲರದ್ದೂ ಒಂದೇ ಪ್ರಶ್ನೆ: "ಡ್ಯೂಟಿಯಲ್ಲಿ ಯಾರಿದ್ರು?" ನಾನಿದ್ದೆ.

ಮೊದಲು ಗಡಿಯಾರದ ಮೇಲೆ ಅನುಮಾನ ಬಂತು. ಹಳೆಯ ಸಿಸ್‌ಲಾಗ್ ಸಾಲಿನಲ್ಲಿ ತಿಂಗಳು, ದಿನ, ಗಂಟೆ ಇರುತ್ತೆ. ವರ್ಷವೂ ಇರಲ್ಲ, ಯಾವ ದೇಶದ ಸಮಯ ಅಂತಲೂ ಇರಲ್ಲ. ಒಂದು ಯಂತ್ರ ಯುಟಿಸಿಯಲ್ಲಿ, ಇನ್ನೊಂದು ನಮ್ಮ ಸಮಯದಲ್ಲಿ ಇದ್ದರೆ ಸುದ್ದಿ ಐದೂವರೆ ಗಂಟೆ ಹಳೆಯದರಂತೆ ಕಾಣುತ್ತೆ. ನಮ್ಮದು ಹಾಗಿರಲಿಲ್ಲ. ಒಮ್ಮೆ ಎರಡು ನಿಮಿಷ, ಒಮ್ಮೆ ಇಪ್ಪತ್ತು. ಬೆಳೆಯುತ್ತಾ ಹೋಗುವ ತಡ ಅಂದ್ರೆ ಎಲ್ಲೋ ಸಾಲು ನಿಂತಿದೆ ಅಂತಲೇ ಅರ್ಥ.

'ನೆಟ್‌ವರ್ಕ್ ಸರಿಯಿಲ್ಲ, ನಿಮ್ಮ ಕಡೆ ನೋಡಿ' ಅಂತ ಎರಡು ದಿನ ಬೇರೆಯವರ ಜೊತೆ ಜಗಳವಾಡಿದೆ. ಮೂರನೇ ದಿನ ಒಂದು ಪರೀಕ್ಷೆ ಮಾಡಿದೆ. ಬೇರೆ ಯಂತ್ರದಿಂದ ಲಾಗರ್ ಎಂಬ ಕಮಾಂಡ್ ಕೊಟ್ಟು ಒಂದು ಸಾಲು ಕಳಿಸಿ, ನಮ್ಮ ಸರ್ವರಿನ ಬಾಗಿಲಲ್ಲಿ ಟಿಸಿಪಿಡಂಪ್ ಹಾಕಿ ಕಾದೆ. ಸಾಲು ಅದೇ ಸೆಕೆಂಡಿನಲ್ಲಿ ಬಂದಿತ್ತು! ಫೈಲಿಗೆ ಬರೆದದ್ದು ಮಾತ್ರ ಎಷ್ಟೋ ನಿಮಿಷದ ಮೇಲೆ. ಕಳಿಸಿದವರದ್ದೂ ತಪ್ಪಿಲ್ಲ, ದಾರಿಯದ್ದೂ ತಪ್ಪಿಲ್ಲ. ಸುದ್ದಿ ನಮ್ಮ ಬಾಗಿಲಲ್ಲೇ ನಿಂತಿತ್ತು.

ಯಾಕೆ ಅಂದ್ರೆ, ಬಂದ ಸಾಲಿನಲ್ಲಿ ಕಳಿಸಿದವರ ಐಪಿ ನಂಬರ್ ಇರುತ್ತೆ. ಅದರ ಹೆಸರು ಏನು ಅಂತ ನಮ್ಮ ಸರ್ವರ್ ಡಿಎನ್‌ಎಸ್ ಅನ್ನು ಕೇಳುತ್ತಿತ್ತು. ಪಟ್ಟಿಯಲ್ಲಿ ಮೊದಲಿದ್ದ ಡಿಎನ್‌ಎಸ್ ಸರ್ವರನ್ನು ಯಾವಾಗಲೋ ಬಂದ್ ಮಾಡಿದ್ದರು. ಲಿನಕ್ಸ್‌ನಲ್ಲಿ ನಾವೇನೂ ಬದಲಿಸದಿದ್ದರೆ ಉತ್ತರಕ್ಕೆ 5 ಸೆಕೆಂಡ್ ಕಾದು ಆಮೇಲೆ ಮುಂದಿನದನ್ನು ಕೇಳುತ್ತೆ. ಹೀಗೆ ಒಬ್ಬೊಬ್ಬರನ್ನೂ 'ನೀನ್ಯಾರು' ಅಂತ ಕೇಳುತ್ತಾ ಕೂತರೆ ಹಿಂದಿನವರ ಗತಿ? ಆ ಹಳೆಯ ವಿಳಾಸ ತೆಗೆದು, ನಮ್ಮ ಯಂತ್ರಗಳ ಹೆಸರನ್ನು ಹೋಸ್ಟ್ಸ್ ಫೈಲಿಗೇ ಬರೆದೆ. ಸಾಲು ಕರಗಿತು.

ಆ ಖುಷಿಯಲ್ಲೇ ಅವ್ವನಿಗೆ ಫೋನ್ ಮಾಡಿದೆ.

"ನಿಮ್ಮಪ್ಪ ಬ್ಯಾರನ್ ಏಣಿಯಿಂದ ಬಿದ್ದು ಕೈ ಮುರ್ಕೊಂಡವ್ರೆ ಕಣ್ಮಗ. ಹುಣಸೂರಿಗೆ ಕರ್ಕೊಂಡೋಗಿ ಪಟ್ಟಿ ಹಾಕಿಸ್ಕೊಂಡು ಬಂದೊ. ಇವತ್ತಿಗೆ ಮೂರು ದಿನ ಆಯ್ತು."

ನನಗೆ ಎಲ್ಲಿಲ್ಲದ ಸಿಟ್ಟು. "ಅವತ್ತೇ ಯಾಕವ್ವ ಹೇಳ್ಲಿಲ್ಲ?"

"ಹೇಳಕ್ಕೇ ಫೋನ್ ಮಾಡಿದ್ದೆ. 'ಬೇಗ ಹೇಳವ್ವ, ಏನು' ಅಂದೆ. ನಾನು ಹೆಂಗ್ ಹೇಳದು ಅನ್ನೋಷ್ಟರಲ್ಲಿ 'ಆಮೇಲ್ ಮಾಡ್ತೀನಿ' ಅಂದು ಇಟ್ಬುಟ್ಟೆ."

ಫೋನಿನಲ್ಲಿ ಹಿಂದಿನ ಕರೆಗಳನ್ನು ನೋಡಿದೆ. ಇತ್ತು. ಮಂಗಳವಾರ 11 ಗಂಟೆ 20 ನಿಮಿಷ, 22 ಸೆಕೆಂಡ್. ಅದೂ ಒಂದು ಲಾಗ್ ತಾನೇ? ಆಗ ನಾನು ನೆಟ್‌ವರ್ಕ್‌ನವರ ಜೊತೆ ಜಗಳದಲ್ಲಿದ್ದೆ.

ಆ ಶನಿವಾರವೇ ಊರಿಗೆ ಹೋದೆ. ಅಪ್ಪ ಕೈಯನ್ನು ಕೊರಳಿಗೆ ಕಟ್ಟಿಕೊಂಡು, ಬ್ಯಾರನ್ ಮುಂದೆ ಕೂತು ಸೌದೆ ಹಾಕುವವರಿಗೆ ಶಾಖ ಎಷ್ಟಿರಬೇಕು ಅಂತ ಹೇಳುತ್ತಿದ್ದರು. "ರಜಾ ಹಾಕ್ಬುಟ್ ಯಾಕ್ ಬಂದೆ ಮಗ?" ಅಂದರು. ನನಗೆ ಮಾತೇ ಹೊರಡಲಿಲ್ಲ.

ಸುದ್ದಿ ತಡವಾದರೆ ಕಳಿಸಿದವರನ್ನು ಬಯ್ಯುವ ಮುಂಚೆ ನಮ್ಮ ಬಾಗಿಲನ್ನು ನೋಡಬೇಕು ಅಂತ ಆಫೀಸಿನಲ್ಲಿ ಹೊಸಬರಿಗೆ ಈಗ ಹೇಳಿಕೊಡುತ್ತೇನೆ. ಮನೆಯಿಂದ ಫೋನ್ ಬಂದರೆ 'ಬೇಗ ಹೇಳು' ಅನ್ನುವುದನ್ನು ಬಿಟ್ಟಿದ್ದೇನೆ. ಅವ್ವ ಮಳೆ, ಮೇಕೆ, ಪಕ್ಕದ ಮನೆ ಮದುವೆ ಎಲ್ಲ ಮುಗಿಸಿಕೊಂಡೇ ವಿಷಯಕ್ಕೆ ಬರೋದು. ಬರಲಿ, ಕಾಯ್ತೀನಿ.